ದೊಡ್ಡ ಗಾಲಿ, ಸಣ್ಣ ಗಾಲಿ: ಹೊಸಕೋಟೆ ರಸ್ತೆಯಲ್ಲೊಂದು ಎಲೆಕ್ಟ್ರಿಕ್ ಕಾರು

(ಈ ವಾರದ ಸಂಚಿಕೆಯ ಬರಹರೂಪ)



ಹೋದ ತಿಂಗಳು ನಮಗೊಂದು ವಾಯ್ಸ್ ನೋಟ್ ಬಂತು. ಕಳಿಸಿದವನು ಪಾವಗಡ ತಾಲ್ಲೂಕಿನ ವೈ.ಎನ್.ಹೊಸಕೋಟೆಯ ಹುಡುಗ. ಮಾತಿನ ಹಿಂದೆ ಮಗ್ಗದ ಸದ್ದು ಕೇಳ್ತಾ ಇತ್ತು. ರೇಷ್ಮೆ ಸೀರೆ ನೇಯೋ ಮನೆ ಅವರದು. ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು ಎಲೆಕ್ಟ್ರಿಕ್ ಹ್ಯಾಚ್‌ಬ್ಯಾಕ್ ತಗೊಂಡಿದ್ದಾನೆ. ಕಂಪನಿ ಹೆಸರು ಬೇಡ, ಈ ಕಥೆಗೆ ಅದು ಮುಖ್ಯವೂ ಅಲ್ಲ. ಟೈರ್ ಅಳತೆ ಮಾತ್ರ ನೆನಪಿಟ್ಕೊಳ್ಳಿ: 175/65 ಆರ್ 14. ಆರು ತಿಂಗಳಲ್ಲಿ ಎರಡು ಸಲ ಗುಂಡಿಗೆ ಬಿದ್ದು ಟೈರಿನ ಪಕ್ಕೆ ಸೀಳಿತಂತೆ. ಪಕ್ಕೆ ಸೀಳಿದ್ರೆ ಪಂಕ್ಚರ್ ಹಾಕೋಕೆ ಬರಲ್ಲ, ಹೊಸ ಟೈರೇ ಗತಿ. ಒಂದು ಟೈರ್ ಅಂಗಡಿಯವರು, '16 ಇಂಚಿನ ಅಲಾಯ್ ಹಾಕಿಸು, 195/55 ಟೈರ್ ಕೂರಿಸ್ತೀವಿ, ಗುಂಡಿ ಗೊತ್ತೇ ಆಗಲ್ಲ, ನೋಡೋಕೂ ಚೆಂದ' ಅಂದಿದ್ದಾರೆ. 'ಅಕ್ಕಾ, ಹಾಕಿಸ್ಲಾ ಬ್ಯಾಡ್ವಾ? ಅಮ್ಮನ್ನ ತಿಂಗಳಿಗೊಂದ್ಸಲ ತುಮಕೂರು ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು. ರೇಂಜ್ ಕಮ್ಮಿ ಆದ್ರೆ ದಾರೀಲೇ ನಿಂತೋಗ್ತೀವಿ' ಅಂತ ಕೇಳಿದ್ದ.

ಇದು ಇತಿಹಾಸದ ಪಾಡ್‌ಕಾಸ್ಟ್, ಟೈರ್ ಅಂಗಡಿ ಅಲ್ಲ. ಆದರೆ ಆ ವಾಯ್ಸ್ ನೋಟ್‌ನ ಕೊನೆಯಲ್ಲಿ ಅವರ ತಾತ ಏನೋ ಗೊಣಗಿದ್ದು ಕೇಳಿಸಿತು: 'ನಮ್ ಬಂಡಿಗೂ ಹಿಂಗೇ ಹೇಳಿದ್ರು.' ಆ ಒಂದು ಮಾತಿಗೋಸ್ಕರ ಈ ಸಂಚಿಕೆ.

ತಾತ ಹೇಳಿದ್ದು ಎತ್ತಿನ ಬಂಡಿಯ ಬಗ್ಗೆ. ಹಳೇ ಮರದ ಗಾಲಿಯನ್ನ ನೀವು ಈಗ ನೋಡೋದು ರೆಸಾರ್ಟ್ ಗೇಟಿನಲ್ಲಿ, ಮದುವೆ ಫೋಟೋಶೂಟ್‌ನಲ್ಲಿ. ಅದರ ಪಕ್ಕದಲ್ಲಿ ಒಂದ್ಸಲ ನಿಂತು ನೋಡಿ. ನಾಲ್ಕು ಅಡಿ, ಕೆಲವು ಐದು ಅಡಿ ಎತ್ತರ. ನಡುವೆ ಗುಂಬ, ಅದರಿಂದ ಹೊರಟ ಅರೆಕಾಲುಗಳು, ಸುತ್ತ ಮರದ ತುಂಡುಗಳ ಬಳೆ, ಅದರ ಮೇಲೆ ಕಬ್ಬಿಣದ ಪಟ್ಟಿ. ಪಟ್ಟಿ ಕೂರಿಸೋ ಕೆಲಸ ಊರಿಗೊಂದು ಜಾತ್ರೆ ಇದ್ದ ಹಾಗೆ. ಕಮ್ಮಾರ ಆ ಪಟ್ಟಿಯನ್ನ ಗಾಲಿಯ ಸುತ್ತಳತೆಗಿಂತ ಒಂದು ಚೂರು ಚಿಕ್ಕದಾಗೇ ಮಾಡ್ತಿದ್ದ. ಬೆರಣಿ ಬೆಂಕಿಯಲ್ಲಿ ಕೆಂಪಗೆ ಕಾಯಿಸಿದಾಗ ಅದು ಹಿಗ್ಗುತ್ತೆ. ಇಕ್ಕಳದಲ್ಲಿ ಹಿಡಿದು ಗಾಲಿ ಮೇಲೆ ಬಡಿದು ಕೂರಿಸಿ, ಕೊಡಗಟ್ಟಲೆ ನೀರು ಸುರಿದರೆ ಕಬ್ಬಿಣ ಕುಗ್ಗಿ ಇಡೀ ಗಾಲಿಯನ್ನ ಬಿಗಿದು ಹಿಡಿಯುತ್ತೆ. ಮೊಳೆ ನೆಪಕ್ಕೆ, ಬಿಗಿತ ನಿಜವಾಗಿ ಬಂದದ್ದು ಬೆಂಕಿ ನೀರಿನಿಂದ. ಟೈರ್ ಅಂದ್ರೆ ಶತಮಾನಗಳ ಕಾಲ ಇದ್ದದ್ದು ಇದೇ.

ಗಾಲಿ ಅಷ್ಟು ದೊಡ್ಡದು ಯಾಕೆ? ಗುಂಡಿಗೋಸ್ಕರ. ಗಾಲಿ ಎಷ್ಟು ದೊಡ್ಡದೋ ಗುಂಡಿ ಅದಕ್ಕೆ ಅಷ್ಟು ಸಣ್ಣದು. ಒಂದಡಿ ಅಗಲದ ಗುಂಡಿಯಲ್ಲಿ ಎರಡಡಿ ಗಾಲಿ ಚೆನ್ನಾಗೇ ಇಳಿಯುತ್ತೆ, ಐದಡಿ ಗಾಲಿ ಹೆಚ್ಚುಕಮ್ಮಿ ದಾಟಿಕೊಂಡೇ ಹೋಗುತ್ತೆ. ಕಲ್ಲು ಹತ್ತೋಕೂ ಎತ್ತಿಗೆ ಸಲೀಸು. ಅಂದ್ರೆ ಟೈರ್ ಅಂಗಡಿಯವರು ಹೇಳಿದ ಮಾತು ಹೊಸದಲ್ಲ, ಸುಳ್ಳೂ ಅಲ್ಲ. ಬಂಡಿ ಕಟ್ಟೋ ಬಡಗಿಗೆ ಅದು ಯಾವತ್ತೋ ಗೊತ್ತಿತ್ತು.

ಅರ್ಧ ಸತ್ಯ ಅಷ್ಟೇ. ಇನ್ನರ್ಧ ಬಂದದ್ದು 1888ರಲ್ಲಿ.

ಆ ವರ್ಷ ಬೆಲ್‌ಫಾಸ್ಟ್‌ನಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಅನ್ನೋ ಪಶುವೈದ್ಯ ತನ್ನ ಮಗನ ಮೂರು ಗಾಲಿ ಸೈಕಲ್ಲಿಗೆ ಗಾಳಿ ತುಂಬಿದ ರಬ್ಬರ್ ಕೊಳವೆ ಸುತ್ತಿದ. ಈ ಉಪಾಯವನ್ನ ನಲವತ್ತು ವರ್ಷ ಮೊದಲೇ ರಾಬರ್ಟ್ ಥಾಮ್ಸನ್ ಅನ್ನೋ ಇನ್ನೊಬ್ಬ ಪೇಟೆಂಟ್ ಮಾಡಿಸಿದ್ದ, ಯಾರೂ ಕ್ಯಾರೇ ಅನ್ನಲಿಲ್ಲ. ಡನ್‌ಲಪ್ ಕಾಲಕ್ಕೆ ಸೈಕಲ್ ಹುಚ್ಚು ಹಿಡಿದಿತ್ತು, ಹಾಗಾಗಿ ಓಡಿತು. ಗಾಳಿ ಟೈರ್ ಮಾಡೋದು ಏನು? ಗುಂಡಿಯನ್ನ ದಾಟೋ ಬದಲು ನುಂಗುತ್ತೆ. ಕಲ್ಲಿನ ಮೇಲೆ ಹತ್ತೋ ಬದಲು ಕಲ್ಲನ್ನ ತನ್ನೊಳಗೆ ಒತ್ತಿಸ್ಕೊಳ್ಳುತ್ತೆ. ಗಾಳಿ ಬಂದ ಮೇಲೆ ಗಾಲಿ ಐದಡಿ ಇರಬೇಕಾದ ಅಗತ್ಯ ಇಲ್ಲವಾಯ್ತು.

ನಮ್ಮ ಕಡೆಗೆ ಇದು ಬಂದದ್ದು 'ಡನ್‌ಲಪ್ ಗಾಡಿ'ಯಾಗಿ. ಡನ್‌ಲಪ್ ಕಂಪನಿ 1936ರಲ್ಲಿ ಬಂಗಾಳದ ಸಾಹಾಗಂಜ್‌ನಲ್ಲಿ ಕಾರ್ಖಾನೆ ತೆಗೆಯಿತು. ನಿಧಾನಕ್ಕೆ ಎತ್ತಿನ ಗಾಡಿಗೂ ಗಾಳಿ ಟೈರ್ ಬಂತು. ಹಳೇ ಗಾಲಿಗಿಂತ ಎತ್ತರ ಕಡಿಮೆ, ಆದರೆ ಅದೇ ಜೋಡೆತ್ತು ಹೆಚ್ಚು ಭಾರ ಎಳೆದವು. ಟಾರು ರಸ್ತೆಯಲ್ಲಂತೂ ತೇಲಿದ ಹಾಗೆ. ಕಬ್ಬಿಣದ ಪಟ್ಟಿ ರಸ್ತೆಯನ್ನ ಉಳೋದೂ ನಿಂತಿತು. ಆದರೂ ಎಲ್ಲರೂ ಬದಲಾಯಿಸಲಿಲ್ಲ. ಬೆಲೆ ಜಾಸ್ತಿ. ಜಾಲಿ ಮುಳ್ಳಿನ ಸೀಮೆಯಲ್ಲಿ ಪಂಕ್ಚರ್ ಕಾಟ. ಮರದ ಗಾಲಿ ಮುರಿದರೆ ಊರಿನ ಬಡಗಿಯೇ ಸಾಕು, ಟ್ಯೂಬ್ ಹೋದರೆ ಪೇಟೆಗೇ ಹೋಗಬೇಕು. ತಾತನ ಗೊಣಗಾಟ ಇಲ್ಲಿಂದ ಬಂದದ್ದು. ಅವರಿಗೆ ಆಗ ಹೇಳಿದ್ದು 'ಸಣ್ಣದು ಹಾಕಿಸು', ಮೊಮ್ಮಗನಿಗೆ ಈಗ ಹೇಳ್ತಿರೋದು 'ದೊಡ್ಡದು ಹಾಕಿಸು'. ಮಾರೋರ ಗ್ಯಾರಂಟಿ ಮಾತ್ರ ಎರಡು ಸಲವೂ ಒಂದೇ.

ಒಂದು ಸಣ್ಣ ಅಡ್ಡದಾರಿ. ಬೆಂಗಳೂರಿನ ಐಐಎಂ ಗೊತ್ತಲ್ಲ, ಅದರ ಮೊದಲ ನಿರ್ದೇಶಕರು ಎನ್.ಎಸ್. ರಾಮಸ್ವಾಮಿ. ಎಂಬಿಎ ಕಲಿಸೋ ಸಂಸ್ಥೆ ಕಟ್ಟಿದವರು ತಲೆ ಕೆಡಿಸ್ಕೊಂಡದ್ದು ಎತ್ತಿನ ಗಾಡಿ ಬಗ್ಗೆ! ದೇಶದಲ್ಲಿ ಒಂದೂವರೆ ಕೋಟಿಯಷ್ಟು ಗಾಡಿಗಳಿವೆ ಅನ್ನೋದು ಆ ಕಾಲದ ಅಂದಾಜು. ಅವುಗಳ ಗಾಲಿ, ಅಚ್ಚು, ನೊಗ ಸುಧಾರಿಸಿದರೆ ಎತ್ತಿನ ಕಷ್ಟವೂ ಕಡಿಮೆ, ದೇಶದ ಇಂಧನವೂ ಉಳಿತಾಯ ಅನ್ನೋದು ಅವರ ವಾದ. ಆಗ ನಕ್ಕವರೂ ಇದ್ದರು. ನನಗೆ ಇವರ ಮೇಲೆ ಸ್ವಲ್ಪ ಹೆಚ್ಚೇ ಅಭಿಮಾನ. ಯಾಕಂದ್ರೆ ಇವತ್ತು ಎಲೆಕ್ಟ್ರಿಕ್ ಕಾರಿನವರು 'ರೋಲಿಂಗ್ ರೆಸಿಸ್ಟೆನ್ಸ್' ಅಂತ ದೊಡ್ಡ ಸ್ವರದಲ್ಲಿ ಹೇಳೋದನ್ನ ಇವರು ಎತ್ತಿನ ಹೆಗಲಿನ ಬಾವು ನೋಡಿ ಹೇಳಿದ್ದರು. ಟೈರ್ ನೆಲಕ್ಕೆ ಒತ್ತಿ, ಸೊಟ್ಟಗಾಗಿ, ಮತ್ತೆ ನೆಟ್ಟಗಾಗುವಾಗ ಪೋಲಾಗುವ ಶಕ್ತಿ ಅದು. ಎತ್ತಾದರೆ ಬೆವರು, ಕಾರಾದರೆ ಬ್ಯಾಟರಿ.

ಈಗ ಎಲೆಕ್ಟ್ರಿಕ್ ಕಾರಿಗೆ ಬರೋಣ. ಇವು ಇತ್ತೀಚಿನವು ಅಂದ್ಕೊಂಡಿದ್ರೆ, 1899ರ ಏಪ್ರಿಲ್ 29. ಪ್ಯಾರಿಸ್ ಹತ್ತಿರ ಕಮೀಲ್ ಜೆನಾಟ್ಸಿ ಅನ್ನೋ ಬೆಲ್ಜಿಯಂನವನು ಟಾರ್ಪಿಡೋ ಆಕಾರದ ಒಂದು ಕಾರು ಓಡಿಸಿ ಗಂಟೆಗೆ 100 ಕಿ.ಮೀ. ದಾಟಿದ. 105.88 ಕಿ.ಮೀ. ಮನುಷ್ಯ ರಸ್ತೆ ವಾಹನದಲ್ಲಿ ನೂರು ದಾಟಿದ್ದು ಅದೇ ಮೊದಲು. ಪೆಟ್ರೋಲ್ ಅಲ್ಲ, ಬ್ಯಾಟರಿ ಕಾರು. ಗಾಲಿಗೆ ಮಿಷೆಲಿನ್‌ನ ಗಾಳಿ ಟೈರ್.

ಆಮೇಲೆ ಅಮೆರಿಕದಲ್ಲಿ ಡೆಟ್ರಾಯಿಟ್ ಎಲೆಕ್ಟ್ರಿಕ್ ಥರದ ಕಾರುಗಳು ಬಂದವು. 1907ರಿಂದ ಶುರು. ಅಲ್ಲಿ ಗಿರಾಕಿಗೆ ಒಂದು ಆಯ್ಕೆ ಇತ್ತು: ಗಾಳಿ ಟೈರ್ ಬೇಕೋ, ಪಂಕ್ಚರ್ ಆಗದ ಗಟ್ಟಿ ರಬ್ಬರಿನ ಕುಷನ್ ಟೈರ್ ಬೇಕೋ? ಒಂದರಲ್ಲಿ ಹೆಚ್ಚು ದೂರ, ಇನ್ನೊಂದರಲ್ಲಿ ನೆಮ್ಮದಿ. ನಮ್ಮ ಹೊಸಕೋಟೆ ಹುಡುಗನ ಪ್ರಶ್ನೆಗೆ ನೂರು ವರ್ಷ ದಾಟಿದೆ ನೋಡಿ.

ನಮ್ಮ ಬೆಂಗಳೂರಿನ ಕಥೆಯೂ ಇದೆ. ಚೇತನ್ ಮೈನಿ ಮಿಶಿಗನ್‌ನಲ್ಲಿ ಓದುವಾಗ, 1990ರಲ್ಲಿ, 'ಸನ್‌ರನ್ನರ್' ಅನ್ನೋ ಸೌರ ಕಾರಿನ ತಂಡದಲ್ಲಿದ್ದರು. ಸೂರ್ಯನ ಬೆಳಕಲ್ಲಿ ಓಡೋ ಆ ಥರದ ಕಾರುಗಳಿಗೆ ಸೈಕಲ್ ಗಾಲಿಯಂಥ ತೆಳ್ಳನೆಯ ಗಾಲಿ. ಒಂದೊಂದು ವ್ಯಾಟ್ ಲೆಕ್ಕ. ಅಲ್ಲಿಂದ ಬಂದು ಅವರು ಬೊಮ್ಮಸಂದ್ರದಲ್ಲಿ ಕಟ್ಟಿದ ಕಾರು 'ರೇವಾ'. 2001ರಲ್ಲಿ ರಸ್ತೆಗಿಳಿಯಿತು. 13 ಇಂಚಿನ ಸಣಕಲು ಗಾಲಿ, ಲೆಡ್ ಆಸಿಡ್ ಬ್ಯಾಟರಿ, ಒಂದು ಚಾರ್ಜಿಗೆ 80 ಕಿ.ಮೀ. ಆಸುಪಾಸು. ಲಂಡನ್ನಿನಲ್ಲಿ 'ಜಿ-ವಿಜ್' ಅಂತ ಹೆಸರು ಮಾಡಿತು. 2010ರಲ್ಲಿ ಮಹೀಂದ್ರ ಕಂಪನಿ ಕೈಗೆ ಹೋಯಿತು. ರೇವಾ ನೋಡಿ 'ಆಟದ ಸಾಮಾನು ಥರ ಇದೆ' ಅಂತ ನಗೋರಿಗೆ ಆ ಗಾಲಿಯ ಹಿಂದಿನ ಲೆಕ್ಕ ಕಾಣ್ತಿರಲಿಲ್ಲ.

ಇನ್ನೊಂದು ಕಾಕತಾಳೀಯ. 1996ರಲ್ಲಿ ಜನರಲ್ ಮೋಟಾರ್ಸ್ 'ಇವಿ1' ಅಂತ ಕಾರು ತಂತು, ಎಲೆಕ್ಟ್ರಿಕ್ ಕಾರಿನ ಇತಿಹಾಸದಲ್ಲಿ ಇದಿಲ್ಲದ ಪುಸ್ತಕ ಇಲ್ಲ. ಅದಕ್ಕಂತಲೇ ಮಿಷೆಲಿನ್ ಕಡಿಮೆ ಎಳೆತದ ಟೈರ್ ಮಾಡಿಕೊಟ್ಟಿತು. ಗಾಳಿ 50 ಪಿಎಸ್ಐ, ಮಾಮೂಲಿಗಿಂತ ತುಂಬಾ ಬಿಗಿ. ಅಳತೆ? 175/65 ಆರ್ 14. ನಮ್ಮ ಹುಡುಗನ ಕಾರಿನದ್ದೇ! ಅದನ್ನ ಹೇಳಿದಾಗ ಅವನು ಒಂದು ಕ್ಷಣ ಸುಮ್ಮನಾಗಿ, 'ಹಂಗಾದ್ರೆ ನಂದು ಚಿಕ್ಕದೇನಲ್ಲ ಬಿಡಿ' ಅಂದ.

ಇಲ್ಲಿ ಪೆಟ್ರೋಲ್ ಕಾರಿನ ಗಾಲಿ ಒಂದು ಸುತ್ತು ಬಂದಿದೆ, ಬೇಗ ಹೇಳಿಬಿಡ್ತೀನಿ. ಅಂಬಾಸಿಡರ್‌ಗೆ 15 ಇಂಚು. ಪ್ರೀಮಿಯರ್ ಪದ್ಮಿನಿಗೆ 14. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಾಗ 12ಕ್ಕೆ ಇಳಿಯಿತು. ಗಾಲಿ ಚಿಕ್ಕದಾದಷ್ಟೂ ಒಳಗೆ ಜಾಗ, ತೂಕ ಕಡಿಮೆ, ಬೆಲೆ ಕಡಿಮೆ. ಆಮೇಲೆ ಎಸ್‌ಯುವಿ ಕಾಲ ಬಂತು, ಗಾಲಿ 16, 17, 18 ಅಂತ ಏರಿತು. ಈಗ 2023ರ ಎಂಜಿ ಕಾಮೆಟ್ ಎಲೆಕ್ಟ್ರಿಕ್ ಕಾರಿಗೆ ಮತ್ತೆ 12 ಇಂಚು. ಮಾರುತಿ 800ರ ಅದೇ 145/70 ಆರ್ 12.

ಹಾಗಾದ್ರೆ ದೊಡ್ಡ ಗಾಲಿ ಹಾಕಿಸಿದ್ರೆ ನಿಜವಾಗಿ ಏನಾಗುತ್ತೆ? ಕಾರಿನ ಕಂಪ್ಯೂಟರಿಗೆ ರಸ್ತೆ ಕಾಣಲ್ಲ. ಅದು ಎಣಿಸೋದು ಗಾಲಿ ಎಷ್ಟು ಸುತ್ತು ಸುತ್ತಿತು ಅಂತ. 175/65 ಆರ್ 14 ಅಂದ್ರೆ ಟೈರ್ ಅಗಲ 175 ಮಿ.ಮೀ., ಪಕ್ಕೆಯ ಎತ್ತರ ಅದರ ಶೇಕಡ 65, ಅಂದ್ರೆ ಸುಮಾರು 114 ಮಿ.ಮೀ., ರಿಮ್ 14 ಇಂಚು. ಎಲ್ಲ ಕೂಡಿಸಿದರೆ ಗಾಲಿಯ ಎತ್ತರ 583 ಮಿ.ಮೀ. ಒಂದು ಕಿಲೋಮೀಟರಿಗೆ 546 ಸುತ್ತು. ಅಂಗಡಿಯವರು ಹೇಳಿದ 195/55 ಆರ್ 16ರ ಎತ್ತರ 621 ಮಿ.ಮೀ., 513 ಸುತ್ತು ಸಾಕು. ಹೆಚ್ಚುಕಮ್ಮಿ ಆರೂವರೆ ಪರ್ಸೆಂಟ್ ದೊಡ್ಡದು. ಮೀಟರ್ 100 ಕಿ.ಮೀ. ಅಂದಾಗ ಕಾರು ಓಡಿರೋದು 106.5. ಮೀಟರಲ್ಲಿ 60 ಅಂದ್ರೆ ನಿಜವಾದ ವೇಗ 64ರ ಹತ್ತಿರ.

ಇದರಲ್ಲೊಂದು ಮಜಾ ಇದೆ. ಹಿಂದೂಪುರದಲ್ಲಿ ಇವನ ಸ್ನೇಹಿತನೊಬ್ಬ ಇದೇ ಥರದ ಕಾರಿಗೆ ಇದೇ ಟೈರ್ ಹಾಕಿಸಿ, 'ಮೊದಲು 170 ಬರ್ತಿತ್ತು, ಈಗ 150ಕ್ಕೆ ಇಳೀತು' ಅಂತ ತಲೆ ಮೇಲೆ ಕೈ ಹೊತ್ತು ಕೂತಿದ್ದನಂತೆ. ಆದರೆ ಆ 150 ಮೀಟರಿನ ಲೆಕ್ಕ. ನಿಜದಲ್ಲಿ ಅವನು ಓಡಿಸಿದ್ದು 160. ಕಳ್ಕೊಂಡದ್ದು 20 ಅಲ್ಲ, 10. ಅರ್ಧ ನಷ್ಟ ಬ್ಯಾಟರಿಯದ್ದು, ಅರ್ಧ ಬರೀ ಎಣಿಕೆಯದ್ದು. ಇಂಟರ್ನೆಟ್ಟಲ್ಲಿ 'ದೊಡ್ಡ ಅಲಾಯ್ ಹಾಕ್ಸಿದೆ, ರೇಂಜ್ ಹೋಯ್ತು' ಅನ್ನೋ ವಿಡಿಯೋ ನೋಡಿದಾಗ ಮೊದಲು ಈ ಲೆಕ್ಕ ಹಾಕಿ.

ಹಾಗಂತ ಆ ಹತ್ತು ಕಿಲೋಮೀಟರ್ ಸುಳ್ಳಲ್ಲ. ಅಗಲ ಟೈರ್ ಗಾಳಿಯನ್ನ ಹೆಚ್ಚು ತಳ್ಳುತ್ತೆ. ಭಾರದ ರಿಮ್ ತಿರುಗಿಸೋಕೆ ಪ್ರತಿ ಸಲ ಹೊರಟಾಗ ಹೆಚ್ಚು ಕರೆಂಟ್. ಬ್ರೇಕ್ ಹಿಡಿದಾಗ ಸ್ವಲ್ಪ ವಾಪಸ್ ಬರುತ್ತೆ, ಪೂರ್ತಿ ಅಲ್ಲ. ಸರ್ಕಾರಿ ಪರೀಕ್ಷೆಯ ಅಂಕಿಯೇ ಬೇಕು ಅಂದ್ರೆ ಹ್ಯುಂಡೈನ ಐಯಾನಿಕ್ 6. ಅಮೆರಿಕದಲ್ಲಿ 2023ರ ಮಾದರಿ, ಅದೇ ದೊಡ್ಡ ಬ್ಯಾಟರಿ, ಅದೇ ಹಿಂಗಾಲಿ ಮೋಟಾರು. 18 ಇಂಚಿನ ಗಾಲಿಯದ್ದಕ್ಕೆ 361 ಮೈಲಿ, 20 ಇಂಚಿನದ್ದಕ್ಕೆ 305. ತೊಂಬತ್ತು ಕಿಲೋಮೀಟರ್ ಖೋತಾ!

ತಾಳಿ, ದೊಡ್ಡ ಗಾಲಿಯೇ ಕೆಟ್ಟದು ಅಂತಲೂ ಅಲ್ಲ. ಬಿಎಂಡಬ್ಲ್ಯು 2013ರಲ್ಲಿ ತಂದ ಐ3 ಕಾರಿನ ಟೈರ್ 155/70 ಆರ್ 19. ಹತ್ತೊಂಬತ್ತು ಇಂಚಿನ ರಿಮ್, ಅಗಲ ಮಾತ್ರ ಸಣ್ಣ ಕಾರಿನಷ್ಟು. ಎತ್ತರ, ತೆಳು. ಅದರ ಫೋಟೋ ನೋಡಿ, ನಮ್ಮ ಎತ್ತಿನ ಬಂಡಿ ನೆನಪಾಗದಿದ್ರೆ ಕೇಳಿ. ಎತ್ತರದ ಗಾಲಿ ಸಲೀಸಾಗಿ ಉರುಳುತ್ತೆ ಅನ್ನೋ ಬಡಗಿಯ ತಿಳಿವಳಿಕೆ, ಗಾಳಿ ಬೇಕು ಅನ್ನೋ ಡನ್‌ಲಪ್‌ನ ತಿಳಿವಳಿಕೆ, ಎರಡನ್ನೂ ಸೇರಿಸಿದ್ರು. ಆದ್ರೆ ಆ ಕಾರನ್ನ ಆ ಗಾಲಿಗೋಸ್ಕರವೇ ಕಟ್ಟಿದ್ದು. ಅಂಗಡಿಯಲ್ಲಿ ಆಮೇಲೆ ಹಾಕಿಸಿದ್ದಲ್ಲ.

ಈಗ ಹೊಸಕೋಟೆ ರಸ್ತೆ. ಪಾವಗಡ ತಾಲ್ಲೂಕನ್ನ ಭೂಪಟದಲ್ಲಿ ನೋಡಿ, ಮೂರು ಕಡೆ ಆಂಧ್ರ. ಮಾತು ತೆಲುಗು ಕನ್ನಡ ಕಲಸಿದ್ದು, ಬೆಳೆ ಕಡಲೆಕಾಯಿ, ಮಳೆ ಅಪರೂಪದ ನೆಂಟ. ಇದೇ ತಾಲ್ಲೂಕಿನ ತಿರುಮಣಿ ಸುತ್ತಿನ ಐದು ಹಳ್ಳಿಗಳಲ್ಲಿ 'ಶಕ್ತಿಸ್ಥಳ' ಸೋಲಾರ್ ಪಾರ್ಕ್. 13,000 ಎಕರೆ, 2,050 ಮೆಗಾವ್ಯಾಟ್. 2018ರ ಮಾರ್ಚಿನಲ್ಲಿ ಉದ್ಘಾಟನೆ, 2019ರ ಕೊನೆಗೆ ಪೂರ್ತಿ. ರೈತರು ಜಮೀನು ಮಾರಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಗುತ್ತಿಗೆ ಕೊಟ್ಟರು. ಇಷ್ಟು ಕರೆಂಟ್ ಹುಟ್ಟೋ ತಾಲ್ಲೂಕಲ್ಲಿ ಎಲೆಕ್ಟ್ರಿಕ್ ಕಾರಿನವನು ಚಾರ್ಜಿಂಗ್ ಬಗ್ಗೆ ಹೆದರ್ಕೊಂಡು ಟೈರ್ ಲೆಕ್ಕ ಹಾಕ್ತಿದ್ದಾನೆ. ನಗಬೇಕೋ ಅಳಬೇಕೋ. ಎಲೆಕ್ಟ್ರಿಕ್ ವಾಹನ ನೀತಿಯನ್ನ ದೇಶದಲ್ಲೇ ಮೊದಲು, 2017ರಲ್ಲಿ, ತಂದದ್ದೂ ನಮ್ಮ ರಾಜ್ಯವೇ.

ಅವನಿಗೆ ತುಮಕೂರು ನೂರಕ್ಕೂ ಹೆಚ್ಚು ಕಿಲೋಮೀಟರ್. ಹೋಗೋದು ಆಗುತ್ತೆ, ಆಸ್ಪತ್ರೆ ಕೆಲಸ ಮುಗಿಯೋಷ್ಟರಲ್ಲಿ ಅಲ್ಲೇ ಚಾರ್ಜಿಗೆ ಹಾಕಿ ವಾಪಸ್. ಚಾರ್ಜರ್ ಕೆಟ್ಟಿದ್ರೆ ಇನ್ನೊಂದು ಹುಡುಕೋಕೆ ಬೇಕಾಗೋದೇ ಆ ಹತ್ತು ಹದಿನೈದು ಕಿಲೋಮೀಟರ್. ಜೊತೆಗೆ ಸ್ಟೆಪ್ನಿ ಇಲ್ಲ. 2020ರ ಜುಲೈನಲ್ಲಿ ಕೇಂದ್ರ ಸರ್ಕಾರ ನಿಯಮ ಬದಲಿಸಿತು: ಟ್ಯೂಬ್‌ಲೆಸ್ ಟೈರ್, ಗಾಳಿ ಒತ್ತಡ ತೋರಿಸೋ ಸೆನ್ಸರ್, ರಿಪೇರಿ ಕಿಟ್ ಇದ್ದರೆ ಕಾರಿಗೆ ಸ್ಟೆಪ್ನಿ ಕಡ್ಡಾಯ ಅಲ್ಲ. ಬ್ಯಾಟರಿಗೆ ಜಾಗ ಬೇಕಲ್ಲ. ಮೊಳೆ ಚುಚ್ಚಿದ್ರೆ ಕಿಟ್ ಸಾಕು. ಪಕ್ಕೆ ಸೀಳಿದ್ರೆ ಮಧುಗಿರಿ ದಾರಿಯಲ್ಲಿ ಅಮ್ಮನ್ನ ಕೂರಿಸ್ಕೊಂಡು ಟೋಯಿಂಗ್ ಗಾಡಿಗೆ ಕಾಯಬೇಕು.

ಅಂಗಡಿಯವರ ಮಾತಿನ ತೂತು ಇರೋದು ಇಲ್ಲೇ. 195/55ರ ಪಕ್ಕೆಯ ಎತ್ತರ 107 ಮಿ.ಮೀ. ಈಗಿರೋದು 114. ಅಂದ್ರೆ ಗಾಲಿ ದೊಡ್ಡದಾಯ್ತು, ಆದರೆ ಬೆಳೆದದ್ದು ಲೋಹ. ಗಾಳಿಯ ದಿಂಬು ತೆಳ್ಳಗಾಯ್ತು. ಗುಂಡಿಗೆ ಬಿದ್ದಾಗ ಟೈರ್ ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಸೀಳೋದು ಕಡಿಮೆ ಆಗಲ್ಲ, ಜೊತೆಗೆ ಅಲಾಯ್ ಬಿರುಕು ಬಿಡೋ ಖರ್ಚು ಬೇರೆ.

ಬೇರೆ ದಾರಿ ಇದೆಯಾ? ಅದೇ 14 ಇಂಚಿನ ರಿಮ್ ಇಟ್ಕೊಂಡು 175/70. ಪಕ್ಕೆ 122 ಮಿ.ಮೀ. ಆಗುತ್ತೆ, ಕಾರು ಒಂಬತ್ತು ಮಿ.ಮೀ. ಮೇಲೇಳುತ್ತೆ. ಗಾಲಿಯ ಎತ್ತರದ ವ್ಯತ್ಯಾಸ ಮೂರು ಪರ್ಸೆಂಟ್. ಟೈರ್ ಬಲ್ಲವರು ಸಾಮಾನ್ಯವಾಗಿ ಹಾಕೋ ಗೆರೆಯೂ ಅದೇ ಮೂರು. ತಿರುವಿನಲ್ಲಿ ಕಾರು ಸ್ವಲ್ಪ ಹೆಚ್ಚು ತೂಗಾಡಬಹುದು. ಸ್ಟೇರಿಂಗ್ ಪೂರ್ತಿ ತಿರುಗಿಸಿ, ಹಿಂದೆ ಮೂರು ಜನ ಕೂರಿಸಿ, ಎಲ್ಲೂ ಉಜ್ಜಲ್ಲ ಅಂತ ನೋಡ್ಕೋಬೇಕು. ಟೈರ್ ಮೇಲಿನ ಲೋಡ್ ಇಂಡೆಕ್ಸ್ ಕಂಪನಿ ಕೊಟ್ಟದ್ದಕ್ಕಿಂತ ಕಡಿಮೆ ಇರಲೇಬಾರದು. 82 ಅಂದ್ರೆ ಒಂದು ಟೈರ್ 475 ಕಿಲೋ ಹೊರುತ್ತೆ ಅಂತ. ಬ್ಯಾಟರಿ ಕಾರು ಅದೇ ಅಳತೆಯ ಪೆಟ್ರೋಲ್ ಕಾರಿಗಿಂತ ಭಾರ, ಇಲ್ಲಿ ಚೌಕಾಸಿ ಬೇಡ.

ಕಾನೂನು ಕೂಡ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಒಂದು ಪ್ರಕರಣದಲ್ಲಿ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಮಾಲೀಕರಿಗೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಅಂತ ಬಂತು. ಅದೇ ಮಾಡೆಲ್ಲಿಗೆ ಕಂಪನಿಯೇ ಕೊಡುವ ಅಳತೆಯಾದರೆ ತಲೆನೋವಿಲ್ಲ. ಅದರಾಚೆ ಹೋಗೋ ಮುಂಚೆ ಸರ್ವಿಸ್ ಸೆಂಟರ್ ಮತ್ತು ಇನ್ಶೂರೆನ್ಸ್‌ನವರ ಹತ್ತಿರ ಬರಹದಲ್ಲಿ ಕೇಳೋದು ಒಳ್ಳೇದು. ಬಾಯಿಮಾತು ಅಪಘಾತದ ಮಾರನೇ ದಿನ ಯಾರಿಗೂ ನೆನಪಿರಲ್ಲ. 175/70ಕ್ಕೂ ಇದೇ ಮಾತು.

ಇದನ್ನೆಲ್ಲ ಅವನಿಗೆ ಹೇಳಿದೆ. ಹದಿನೈದು ದಿನ ಸದ್ದಿಲ್ಲ. ಮೊನ್ನೆ ಮತ್ತೆ ವಾಯ್ಸ್ ನೋಟ್. ಅಲಾಯ್ ಆಸೆ ಬಿಟ್ಟಿದ್ದಾನೆ, ಪೂರ್ತಿ ಅಲ್ಲ, 'ಮುಂದಿನ ಕಾರಿಗೆ' ಅಂತೆ. ಸರ್ವಿಸ್ ಸೆಂಟರಿಗೆ ಇಮೇಲ್ ಹಾಕಿದ್ದಾನೆ, ಉತ್ತರಕ್ಕೆ ಕಾಯ್ತಿದ್ದಾನೆ. ಅಲ್ಲಿವರೆಗೆ ಮಾಡಿದ್ದು ಒಂದೇ: ಪ್ರತಿ ಸೋಮವಾರ ಬೆಳಿಗ್ಗೆ ಟೈರ್ ತಣ್ಣಗಿರುವಾಗ ಗಾಳಿ ನೋಡೋದು. ಮೊದಲ ಸಲ ನೋಡಿದಾಗ ನಾಲ್ಕರಲ್ಲಿ ಮೂರಕ್ಕೆ ಬಾಗಿಲ ಪಕ್ಕದ ಸ್ಟಿಕ್ಕರಲ್ಲಿ ಬರೆದಿದ್ದಕ್ಕಿಂತ ಏಳೆಂಟು ಪಿಎಸ್ಐ ಕಡಿಮೆ ಇತ್ತಂತೆ. ಗಾಳಿ ಕಡಿಮೆ ಇದ್ರೆ ಪಕ್ಕೆ ಸೀಳೋದು ಸುಲಭ, ಬ್ಯಾಟರಿ ಖಾಲಿ ಆಗೋದೂ ಬೇಗ. ಎರಡು ಟೈರ್ ಹೋದದ್ದಕ್ಕೆ ಅದೂ ಒಂದು ಕಾರಣ ಇರಬಹುದು.

ಹಿಂದಿನಿಂದ ತಾತನ ದನಿ ಮತ್ತೆ ಕೇಳಿಸಿತು. ಅವರ ಬಂಡಿಯ ಮರದ ಗಾಲಿ ಏನಾಯ್ತು ಅಂತ ನಾನು ಕೇಳಿಸಿದ್ದೆ. 'ಒಂದು ಒಲೆಗೆ ಹೋಯ್ತು ಕಣಮ್ಮ. ಇನ್ನೊಂದನ್ನ ಬೆಂಗಳೂರಿನೋರು ಯಾರೋ ಬಂದು ತಗೊಂಡೋದ್ರು. ಹೋಟ್ಲು ಮುಂದೆ ನಿಲ್ಲಿಸೋಕಂತೆ.'